ಮಾಳಿಗೆ ಏರಿಸುವ ಮೊದಲು ನೆಲದಡಿ ನೋಡು

ತಮ್ಮಾ,

ಬೆಳಗಾವಿಯ ಅನಗೋಳದ ಆಚೆಗಿನ ಮನೆಯ ಮೇಲೆ ಮಾಳಿಗೆ ಏರಿಸಿ ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಡುವ ವಿಚಾರ ಹೇಳಿದಿ. ಖಾನಾಪುರದ ಹಿರೀಕರ ಮನೆಯ ಹಿತ್ತಲಿಗೂ ಎರಡು ಕೋಣೆ ಸೇರಿಸಬೇಕೆಂದಿ. ಇಂಜಿನಿಯರ್ ಬರೆದುಕೊಟ್ಟ ನಕ್ಷೆ ಕಳಿಸಿದಿ, ನೋಡಿದೆ. ಮೆಟ್ಟಿಲು ಸರಿಯಾಗಿ ಕೂತಿದೆ, ಗಾಳಿ ಬೆಳಕಿಗೆ ಕೊರತೆ ಇಲ್ಲ, ದೇವರ ಕೋಣೆಗೆ ಈಶಾನ್ಯವೂ ಸಿಕ್ಕಿದೆ. ಆಮೇಲೆ ಸೆಪ್ಟಿಕ್ ಟ್ಯಾಂಕು ಎಲ್ಲಿದೆ ಅಂತ ಹುಡುಕಿದೆ. ಹಿಂದಿನ ಸೆಟ್‌ಬ್ಯಾಕಿನಲ್ಲಿ ಒಂದು ಸಣ್ಣ ಚೌಕ, ಅದಕ್ಕೆ ಹತ್ತಿ ಇಂಗುಗುಂಡಿಯದೊಂದು ವೃತ್ತ. ಅಳತೆ ಇಲ್ಲ, ಆಳ ಇಲ್ಲ, ಪೈಪಿನ ಗೆರೆ ಇಲ್ಲ. ಬಹಳ ವರ್ಷ ನಕ್ಷೆ ಬರೆದೇ ಹೊಟ್ಟೆ ಹೊರೆದವ ನಾನು. ಆ ಚೌಕ ನಿಮ್ಮ ಹಿತ್ತಲಿನ ಟ್ಯಾಂಕಿನದಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು. ಕಂಪ್ಯೂಟರಿನಲ್ಲಿ ಸಿದ್ಧ ಇಟ್ಟುಕೊಂಡ ಚಿತ್ರ ಅದು. ಬಂದ ಬಂದ ನಕ್ಷೆಗೆಲ್ಲ ಅದನ್ನೇ ಅಂಟಿಸುತ್ತಾರೆ.

ಪರವಾನಗಿ ಸಿಗುತ್ತದೋ ಇಲ್ಲವೋ ಎಂಬುದು ನಿನ್ನ ಚಿಂತೆ. ಕಾಗದಪತ್ರ ನೆಟ್ಟಗಿದ್ದರೆ ಸಿಕ್ಕೀತು. ಪರವಾನಗಿ ಕೊಡುವವರು ರಸ್ತೆಯ ಅಗಲ, ಸೆಟ್‌ಬ್ಯಾಕು, ಎತ್ತರ, ಕಟ್ಟಡದ ಒಟ್ಟು ಚದರಡಿ ಇವನ್ನೆಲ್ಲ ಕೂಡಿಸಿ ಕಳೆದು ನೋಡುತ್ತಾರೆ. ನೆಲದಡಿ ಈಗಾಗಲೇ ಇರುವ ಟ್ಯಾಂಕು ಇನ್ನೊಂದು ಮಾಳಿಗೆಯ ಹೊಲಸನ್ನು ತಡೆಯುತ್ತದೆಯೇ ಎಂಬ ಪ್ರಶ್ನೆಗೆ ಆ ಕೂಡು-ಕಳೆಯಲ್ಲಿ ಸಿಗುವ ಜಾಗ ಬಹಳ ಕಡಿಮೆ. ಅದಕ್ಕೇ ಹೇಳುವುದು: ಮಾಳಿಗೆಗೆ ಪಾಲಿಕೆಯ ಒಪ್ಪಿಗೆ ಕೇಳುವ ಮೊದಲು ಟ್ಯಾಂಕಿನ ಒಪ್ಪಿಗೆ ಕೇಳು.

ಟ್ಯಾಂಕಿಗೆ ಕೋಣೆಗಳ ಲೆಕ್ಕ ತಿಳಿಯುವುದಿಲ್ಲ, ತಲೆಗಳ ಲೆಕ್ಕ ಮಾತ್ರ ತಿಳಿಯುತ್ತದೆ. ಈಗ ನಿಮ್ಮ ಮನೆಯಲ್ಲಿ ಐದು ಜನ. ಮೇಲೆ ಎಂಟು ಹುಡುಗರು ಬಂದರೆ ಹದಿಮೂರು. ಒಳಚರಂಡಿ ಇರುವ ಊರುಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂದು ಸರ್ಕಾರಿ ಲೆಕ್ಕಾಚಾರ ಹಿಡಿಯುತ್ತದೆ. ಅದೇ ಲೆಕ್ಕದಲ್ಲಿ ಐದು ಜನರಿಗೆ 675 ಲೀಟರ್, ಹದಿಮೂರು ಜನರಿಗೆ 1,755. ಭಾರತೀಯ ಮಾನಕ ಸಂಸ್ಥೆಯ ಐಎಸ್ 2470 ಎಂಬ ಸಂಹಿತೆ ಐದು ಜನರ ಮನೆಗೆ ಹೇಳುವ ಟ್ಯಾಂಕು ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳದ್ದು. ಅದರಲ್ಲಿ ಹಿಡಿಯುವುದು 1,125 ಲೀಟರ್. ಐದು ಜನರ ನೀರು ಅಲ್ಲಿ ಒಂದೂವರೆ ದಿನಕ್ಕಿಂತ ಹೆಚ್ಚು ನಿಲ್ಲುತ್ತದೆ. ಹದಿಮೂರು ಜನರ ನೀರು ಹದಿನೈದು ಗಂಟೆ ನಿಂತರೆ ಹೆಚ್ಚು. ತಳದಲ್ಲಿ ಹೂಳು ತುಂಬಿದ್ದರೆ ಅಷ್ಟೂ ಇಲ್ಲ.

ನೀರು ನಿಲ್ಲಿಸುವುದೇ ಆ ಟ್ಯಾಂಕಿನ ಇಡೀ ಕೆಲಸ. ನೀರು ನಿಂತರೆ ಭಾರದ್ದು ತಳಕ್ಕೆ ಇಳಿಯುತ್ತದೆ, ಎಣ್ಣೆ ಜಿಡ್ಡು ಮೇಲೆ ಕೆನೆಗಟ್ಟುತ್ತದೆ, ನಡುವಿನ ತಿಳಿ ಇಂಗುಗುಂಡಿಗೆ ಹೋಗುತ್ತದೆ. ಆ ತಿಳಿಯೂ ಶುದ್ಧವೇನಲ್ಲ, ರೋಗಾಣುಗಳು ಅದರಲ್ಲಿ ಇದ್ದೇ ಇರುತ್ತವೆ. ಉಳಿದ ಕೆಲಸವನ್ನು ಮಣ್ಣೇ ಮಾಡಬೇಕು. ಜನ ಹೆಚ್ಚಾಗಿ ನೀರು ಅವಸರದಲ್ಲಿ ದಾಟಿಹೋದರೆ ಇಳಿಯಬೇಕಾದ ಹೊಲಸು ಇಳಿಯದೆ ಇಂಗುಗುಂಡಿಗೇ ಹೋಗಿ ಅದರ ಗೋಡೆಯ ಸಂದುಗಳನ್ನು ಮೆತ್ತುತ್ತದೆ. ಮೊದಲ ವರ್ಷ ಏನೂ ಗೊತ್ತಾಗುವುದಿಲ್ಲ. ಎರಡನೆಯ ಮಳೆಗಾಲಕ್ಕೆ ಕೆಳಗಿನ ಸಂಡಾಸದಲ್ಲಿ ನೀರು ಗುಳುಗುಳು ಅನ್ನುತ್ತದೆ, ಹಿತ್ತಲು ಒದ್ದೆಯಾಗುತ್ತದೆ. ಆಗ ಎಲ್ಲರೂ ಟ್ಯಾಂಕನ್ನು ಬೈಯುತ್ತಾರೆ, ಕೆಟ್ಟದ್ದು ಅದರಾಚೆಯ ಗುಂಡಿ. ಟ್ಯಾಂಕು ಖಾಲಿ ಮಾಡಿಸಿದರೆ ಹದಿನೈದು ದಿನ ಚೊಲೋ ಇರುತ್ತದೆ, ಮತ್ತೆ ಅದೇ ಹಾಡು.

ಇನ್ನೊಂದು ಮಾತು ಮರೆಯಬೇಡ. ನಿಮ್ಮ ಟ್ಯಾಂಕು ಕಟ್ಟಿಸಿದ ಕಾಲದಲ್ಲಿ ನಳದ ನೀರು ಎಷ್ಟೋ ದಿನಕ್ಕೊಮ್ಮೆ ಬರುತ್ತಿತ್ತು, ಒಂದು ಬಕೀಟಿನಲ್ಲಿ ಸ್ನಾನ ಮುಗಿಯುತ್ತಿತ್ತು. ಬೆಳಗಾವಿಯಲ್ಲಿ 2008ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ ಇಪ್ಪತ್ನಾಲ್ಕು ಗಂಟೆ ನೀರಿನ ಪ್ರಯೋಗ ಶುರುವಾಯಿತು, ಈಗ ಅದನ್ನು ಇಡೀ ಊರಿಗೆ ಹರಡುವ ಕೆಲಸ ನಡೆದಿದೆ. ನೀರು ಬರಲಿ, ಬೇಡ ಅನ್ನುವವ ಯಾರು? ಆದರೆ ನಳ ತಿರುಗಿಸಿದಷ್ಟೂ ಬರುವ ನೀರು ತಿರುಗಿಸಿದಷ್ಟೂ ಟ್ಯಾಂಕಿಗೆ ಹೋಗುತ್ತದೆ. ಶವರು, ವಾಷಿಂಗ್ ಮಷಿನ್ನು, ಫ್ಲಶ್ಶು ಎಲ್ಲ ಬಂದ ಮೇಲೂ ಟ್ಯಾಂಕು ಬಕೀಟಿನ ಕಾಲದ್ದೇ.

ಸಂಹಿತೆಯ ಕೋಷ್ಟಕದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿಯೊಂದಿದೆ. ಎರಡು ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲದ ಟ್ಯಾಂಕು ಹತ್ತು ಜನರಿಗೂ ಇದೆ, ಹದಿನೈದು ಜನರಿಗೂ ಇದೆ. ಬದಲಾಗುವುದು ಆಳ, ಮತ್ತು ಎಷ್ಟು ವರ್ಷಕ್ಕೊಮ್ಮೆ ಹೂಳು ಬಳಿಸುತ್ತೀ ಎಂಬುದು. ಹತ್ತು ಜನರಿದ್ದು ಮೂರು ವರ್ಷಕ್ಕೊಮ್ಮೆ ಬಳಿಸುವುದಾದರೆ 1.4 ಮೀಟರ್ ಆಳ ಬೇಕು. ಹದಿನೈದು ಜನರಿದ್ದು ಎರಡು ವರ್ಷಕ್ಕೊಮ್ಮೆ ಬಳಿಸಿದರೆ 1.3 ಮೀಟರ್ ಸಾಕು. ಅಂದರೆ ಟ್ಯಾಂಕು ಸಾಲದಿದ್ದಾಗ ಒಡೆದು ಕಟ್ಟುವುದೊಂದೇ ದಾರಿ ಎಂದಿಲ್ಲ, ಕೆಲವು ಸಲ ಪಂಚಾಂಗ ಬದಲಿಸಿದರೂ ನಡೆಯುತ್ತದೆ. ಆದರೆ ಆ ಮಾತು ನಂಬಿಕೊಳ್ಳುವ ಮೊದಲು ನಿಮ್ಮಲ್ಲಿ ಇರುವುದು ನಿಜವಾದ ಸೆಪ್ಟಿಕ್ ಟ್ಯಾಂಕೇ ಅಂತ ಖಾತ್ರಿ ಮಾಡಿಕೊಳ್ಳಬೇಕು.

"ನಮ್ಮ ಟ್ಯಾಂಕು ಇಪ್ಪತ್ತು ವರ್ಷದಿಂದ ಒಮ್ಮೆಯೂ ಬಳಿಸಿಲ್ಲ" ಅಂತ ಹೆಮ್ಮೆಯಿಂದ ಹೇಳುವವರನ್ನು ನೀನು ಕೇಳಿರಬೇಕು. ನಿಮ್ಮಪ್ಪನೂ ಹೇಳುತ್ತಿದ್ದ. ಅದರ ಅರ್ಥ ಟ್ಯಾಂಕಿಗೆ ತಳ ಇಲ್ಲ, ಅಥವಾ ಗೋಡೆಯ ಇಟ್ಟಿಗೆಗಳ ನಡುವೆ ಸಿಮೆಂಟು ಇಲ್ಲ. ಅದು ಟ್ಯಾಂಕಲ್ಲ, ಮುಚ್ಚಿದ ಗುಂಡಿ. ಎಲ್ಲವೂ ಮಣ್ಣಿಗೆ ಇಳಿದಿದೆ. ತಳ ಇರುವ ಟ್ಯಾಂಕಿನಲ್ಲಿ ಹೂಳು ತುಂಬಲೇಬೇಕು, ಎರಡು ಮೂರು ವರ್ಷಕ್ಕೊಮ್ಮೆ ತೆಗೆಯಲೇಬೇಕು. ಆಕಾರವನ್ನೂ ನೋಡು. ಉದ್ದ ಅಗಲದ ಎರಡರಿಂದ ನಾಲ್ಕು ಪಟ್ಟು ಇರಬೇಕು. ನಮ್ಮ ಗೌಂಡಿಗಳು ಧಾರಾಳ ಮನಸ್ಸಿನವರು, ಬೇಕಾದ್ದಕ್ಕಿಂತ ದೊಡ್ಡದೇ ಕಟ್ಟುತ್ತಾರೆ, ಆದರೆ ಚೌಕ ಕಟ್ಟುತ್ತಾರೆ. ಒಳಬರುವ ಪೈಪಿಗೆದುರೇ ಹೊರಹೋಗುವ ಪೈಪು ಇಟ್ಟರೆ ಇತ್ತಿಂದ ಬಂದದ್ದು ಅತ್ತ ದಾಟಿಬಿಡುತ್ತದೆ. ಎರಡೂ ಕಡೆ ಟಿ ಆಕಾರದ ಜೋಡಣೆ ಇದೆಯೇ, ನೋಡಿಸು.

ನೋಡಿಸು ಅಂದೆ, ಇಳಿಸು ಅನ್ನಲಿಲ್ಲ. ಸಕ್ಷನ್ ಗಾಡಿ ಕರೆಸಿ ಖಾಲಿ ಮಾಡಿಸು, ಮೇಲಿಂದ ಟಾರ್ಚು ಬಿಟ್ಟು, ಉದ್ದನೆಯ ಕೋಲು ಇಳಿಸಿ ಅಳತೆ ತೆಗೆಸು. ಮುಚ್ಚಳ ತೆಗೆದಾಗ ಹತ್ತಿರ ಬೀಡಿ ಸಿಗರೇಟು ಹಚ್ಚಗೊಡಬೇಡ. ಒಳಗೆ ಮೀಥೇನ್ ಇರುತ್ತದೆ, ಅದಕ್ಕಿಂತ ಕೆಟ್ಟದ್ದು ಹೈಡ್ರೋಜನ್ ಸಲ್ಫೈಡ್, ನಾಲ್ಕು ಉಸಿರಿನಲ್ಲಿ ಆಳನ್ನು ಕೆಡವುತ್ತದೆ. "ಎರಡು ನಿಮಿಷ ಇಳಿದು ನೋಡ್ತೇನ್ರಿ ಸಾಹೇಬ್ರ" ಅಂತ ಯಾರಾದರೂ ಅಂದರೆ ಕೈಮುಗಿದು ಬೇಡ ಅನ್ನು. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾನೂನಿನಂತೆ ಸೆಪ್ಟಿಕ್ ಟ್ಯಾಂಕಿನೊಳಗೆ ಹೀಗೆ ಮನುಷ್ಯನನ್ನು ಇಳಿಸುವುದು ಅಪರಾಧ, ಇಳಿಸಿದವನು ಪಾಲಿಕೆಯೇ ಆಗಬೇಕೆಂದಿಲ್ಲ, ಮನೆಯ ಮಾಲೀಕನೂ ಆಗಬಹುದು. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿತು. ಕಾನೂನಿಗೆ ಹೆದರಿಯೇ ಬಿಡಬೇಕೆಂದಿಲ್ಲ. ಈ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ನಿಲ್ಲಿಸಿದವರು ಆಗ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಹಿತ್ತಲ ಬಾಗಿಲಿನ ಆ ಬುಟ್ಟಿ ಸಂಡಾಸಗಳನ್ನು ನಾನು ಕಣ್ಣಾರೆ ಕಂಡವನು. ಸೆಪ್ಟಿಕ್ ಟ್ಯಾಂಕು ಮನೆಮನೆಗೆ ಬಂದದ್ದು ಮನುಷ್ಯ ಅದನ್ನು ಮುಟ್ಟಬಾರದು ಅಂತ. ನಮ್ಮ ಮನೆತನದ ಕೆಲಸದಲ್ಲಿ ಯಾರೂ ಅದರೊಳಗೆ ಇಳಿಯಬಾರದು.

ಗಾಡಿಯವನನ್ನು ಇನ್ನೊಂದು ಪ್ರಶ್ನೆ ಕೇಳು: ಒಯ್ದು ಎಲ್ಲಿ ಸುರಿಯುತ್ತೀ? ಸರಿಯಾದ ದಾರಿ ಇಲ್ಲ ಅಂತಲ್ಲ; ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ 2015ರಲ್ಲೇ ಇಂಥ ಹೂಳನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಶುರುವಾಯಿತು. ಪಾಲಿಕೆಯ ಗಾಡಿಯಾದರೆ ರಸೀದಿ ಸಿಗುತ್ತದೆ, ಆ ರಸೀದಿ ಮುಂದೆ ಉಪಯೋಗಕ್ಕೆ ಬರುತ್ತದೆ. ರಾತ್ರಿ ಬಂದು ಅರ್ಧ ದರಕ್ಕೆ ಒಯ್ಯುವವನು ಯಾರದೋ ಹೊಲದ ಬದುವಿಗೆ ಸುರಿಯುತ್ತಾನೆ.

ಈಗ ಇಂಗುಗುಂಡಿಗೆ ಬಾ. ಇಲ್ಲಿ ನಿನಗೆ ಒಂದು ಕಹಿ ಲೆಕ್ಕ ಹೇಳಬೇಕು. ಅದೇ ಸಂಹಿತೆಯ ಎರಡನೇ ಭಾಗ, ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿ ಕನಿಷ್ಠ 18 ಮೀಟರ್ ದೂರ ಇರಬೇಕು, ವಾಸದ ಕಟ್ಟಡದಿಂದ ಕನಿಷ್ಠ 6 ಮೀಟರ್ ದೂರ ಇರಬೇಕು ಅನ್ನುತ್ತದೆ. ನಿನ್ನ ಪ್ಲಾಟು ಮೂವತ್ತು ನಲವತ್ತರದ್ದು. ಅದರ ಮೂಲೆಯಿಂದ ಮೂಲೆಗೆ ಅಳೆದರೂ ಐವತ್ತು ಅಡಿ, ಹದಿನೈದು ಮೀಟರ್ ಚಿಲ್ಲರೆ. ಬೋರು ಒಂದು ಮೂಲೆಗೆ, ಗುಂಡಿ ಎದುರು ಮೂಲೆಗೆ ಇಟ್ಟರೂ 18 ಮೀಟರ್ ಬರುವುದಿಲ್ಲ. ಆರು ಮೀಟರ್ ಬಿಟ್ಟು ಗುಂಡಿ ತೋಡುತ್ತೇನೆ ಅಂದರೆ ಮನೆ ಕಟ್ಟಲು ಜಾಗ ಉಳಿಯುವುದಿಲ್ಲ. ಒಳಚರಂಡಿ ಇಲ್ಲದ ಕಡೆ ಮೂವತ್ತು ನಲವತ್ತರ ಪ್ಲಾಟುಗಳನ್ನು ಸಾಲಾಗಿ ಮಾರಿದಾಗಲೇ ಈ ನಿಯಮ ಮುರಿದು ಹೋಗಿದೆ; ಒಬ್ಬ ಮನೆಮಾಲೀಕ ಅದನ್ನು ಸರಿಮಾಡಲಾರ. ನೆಲಮಹಡಿಯ ಒಂದು ಮನೆಯ ನೀರನ್ನು ಆ ಮಣ್ಣು ಹೇಗೋ ತಾಳಿಕೊಂಡಿತ್ತು. ಓಣಿಯ ಪ್ರತಿ ಮನೆಯೂ ಮಾಳಿಗೆ ಏರಿಸಿ ಪಿಜಿ ಮಾಡಿದರೆ ಏನಾಗುತ್ತದೆ? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದ ಮೇಲೆ ಖಾನಾಪುರ ರಸ್ತೆಯ ಉದ್ದಕ್ಕೂ, ಪೀರನವಾಡಿ, ಮಚ್ಚೆಯ ಸುತ್ತ ಎಷ್ಟು ಮಾಳಿಗೆ ಎದ್ದವು ನೋಡು. ಪ್ರತಿಯೊಂದು ನಕ್ಷೆಯೂ ತನ್ನ ಕಂಪೌಂಡಿನೊಳಗೆ ಸರಿಯಾಗಿಯೇ ಇರುತ್ತದೆ. ಪಕ್ಕದ ಮನೆಯ ಬಾವಿ ನಿನ್ನ ನಕ್ಷೆಯಲ್ಲಿ ಇರುವುದಿಲ್ಲ, ನಿನ್ನ ಗುಂಡಿ ಅವರ ನಕ್ಷೆಯಲ್ಲಿ ಇರುವುದಿಲ್ಲ.

ಬೆಳಗಾವಿ ಬಾವಿಗಳ ಊರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದವರ ನೀರಿಗಾಗಿ ತೋಡಿದ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ, ಕಾಂಗ್ರೆಸ್ ಬಾವಿ ಅಂತಲೇ ಕರೆಯುತ್ತೇವೆ. ರಾಕಸಕೊಪ್ಪ ಜಲಾಶಯದ ನೀರು ನಳದಲ್ಲಿ ಬಂದ ಮೇಲೆ ಊರ ಬಾವಿಗಳೆಲ್ಲ ಮೂಲೆಗೆ ಬಿದ್ದವು, 1990ರ ದಶಕದ ನೀರಿನ ಬರದಲ್ಲಿ ಅವನ್ನೇ ಹೂಳೆತ್ತಿ ಮತ್ತೆ ಬಳಸಬೇಕಾಯಿತು. ನಮ್ಮ ಕೆಂಪು ಜಂಬಿಟ್ಟಿಗೆ ನೆಲದ ಗುಣ ಅದು: ಮೇಲೆ ಸುರಿದದ್ದು ಬೇಗ ಕೆಳಗಿಳಿಯುತ್ತದೆ, ಬಾವಿ ಬೇಗ ತುಂಬುತ್ತದೆ. ಮಳೆಯ ನೀರಿಗೆ ಅದು ವರ. ಸಂಡಾಸದ ನೀರಿಗೂ ಅಷ್ಟೇ ಸಲೀಸು ದಾರಿ. "ನಮ್ಮ ಇಂಗುಗುಂಡಿ ಎಷ್ಟು ನೀರು ಬಿಟ್ಟರೂ ಕುಡಿಯುತ್ತದೆ" ಅನ್ನುವ ಮಾತು ಕೇಳಿದಾಗ ಅಕ್ಕಪಕ್ಕದ ಬಾವಿ ಎಲ್ಲಿದೆ ಅಂತ ನಾನು ಕತ್ತೆತ್ತಿ ನೋಡುತ್ತೇನೆ.

ಹೊಸ ಕಟ್ಟಡ ಹಳೆಯ ಟ್ಯಾಂಕಿಗೆ ಇನ್ನೂ ಏನೇನು ಮಾಡುತ್ತದೆ ಅಂತ ಕೇಳು. ನಿನ್ನ ನಕ್ಷೆಯಲ್ಲಿ ಹಿಂದಿನ ಕಾಲಮ್ಮೊಂದು ನಿಜವಾದ ಟ್ಯಾಂಕಿನ ಗೋಡೆಗೆ ಹತ್ತಿಕೊಂಡೇ ಬರುತ್ತದೆ. ವರ್ಷಗಟ್ಟಲೆ ಒದ್ದೆಯಾಗಿದ್ದ ಮಣ್ಣದು, ಅದರ ಮೇಲೆ ಪಾಯ ಕೂರಿಸಿದರೆ ಆ ಮೂಲೆ ಮೊದಲು ಕೂರುತ್ತದೆ. ಕಾಲಮ್ಮಿನ ತಗ್ಗು ತೋಡುವಾಗ ಟ್ಯಾಂಕಿನ ಗೋಡೆ ಬಿರುಕು ಬಿಟ್ಟರೂ ಯಾರಿಗೂ ಕಾಣುವುದಿಲ್ಲ. ಮುಂದೊಂದು ದಿನ ಕಾರು ನಿಲ್ಲಿಸಲು ಟ್ಯಾಂಕಿನ ಮೇಲೆ ಟೈಲ್ಸು ಹಾಕುವ ಆಸೆ ನಿನಗಿದೆ; ಮನುಷ್ಯ ಓಡಾಡುವ ಭಾರಕ್ಕೆ ಹಾಕಿದ ಸ್ಲ್ಯಾಬಿನ ಮೇಲೆ ಟನ್ನುಗಟ್ಟಲೆ ಗಾಡಿ ನಿಲ್ಲಿಸಬಾರದು, ಮುಚ್ಚಳವನ್ನು ಟೈಲ್ಸಿನಡಿ ಹೂಳಲೂಬಾರದು. ಹೂಳಿದವರ ಮನೆಯಲ್ಲಿ ಏನಾಗುತ್ತದೆ ಅಂದರೆ, ಟ್ಯಾಂಕು ತುಂಬಿದ ದಿನ ಹೊಸ ಟೈಲ್ಸು ಒಡೆಯಲು ಮನಸ್ಸು ಬರುವುದಿಲ್ಲ, ಗಟಾರಕ್ಕೆ ಒಂದು ಪೈಪು ಹೊಡೆಯುತ್ತಾರೆ. ಅಡುಗೆಮನೆ ಹಿಂದಕ್ಕೆ ಚಾಚಿ ಟ್ಯಾಂಕನ್ನು ಒಳಗೇ ಸೇರಿಸಿಕೊಂಡ ಮನೆಗಳೂ ಇವೆ. ರೊಟ್ಟಿ ಬಡಿಯುವ ಕಟ್ಟೆಯಡಿ ಮ್ಯಾನ್‌ಹೋಲು! ನಮ್ಮ ಸೊಸೆಗೆ ಅಂಥ ಅಡುಗೆಮನೆ ಕಟ್ಟಿಕೊಡಬೇಡ.

ಗಾಳಿ ಪೈಪಿನ ವಿಷಯವನ್ನು ಯಾರೂ ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ಟ್ಯಾಂಕಿನಿಂದ ಮೇಲಕ್ಕೆ ಹೋಗುವ ಆ ಪೈಪು, ಟ್ಯಾಂಕು ಮನೆಗೆ ಹತ್ತಿರ ಇದ್ದಾಗ, ಕಟ್ಟಡದ ತುದಿಗಿಂತ ಎರಡು ಮೀಟರ್ ಮೇಲೆ ಬಾಯಿ ತೆರೆಯಬೇಕು. ಈಗ ಅದು ನೆಲಮಹಡಿಯ ಸ್ಲ್ಯಾಬಿನ ಮೇಲೆ ನಿಂತಿದೆ. ಮಾಳಿಗೆ ಎದ್ದರೆ ಅದರ ಬಾಯಿ ಸರಿಯಾಗಿ ಹುಡುಗರ ಮಲಗುವ ಕೋಣೆಯ ಕಿಟಕಿಗೆ ಬರುತ್ತದೆ. ಮನೆಯ ಜೊತೆ ಪೈಪೂ ಬೆಳೆಯಬೇಕು, ಖರ್ಚು ನಾಲ್ಕು ತುಂಡು ಪಿವಿಸಿ. ಹಾಗೇ ಮಳೆನೀರಿನ ಇಂಗುಗುಂಡಿ. ಅದನ್ನೂ ಕೇಳುತ್ತಾರೆ, ಮಾಡಲೇಬೇಕು, ಒಳ್ಳೆಯದೇ. ಆದರೆ ಜಾಗ ಇಲ್ಲ ಅಂತ ಎರಡೂ ಗುಂಡಿಯನ್ನು ಅಕ್ಕಪಕ್ಕ ತೋಡಿದರೆ ಜೂನ್ ತಿಂಗಳ ಮೊದಲ ಜೋರು ಮಳೆಯಲ್ಲಿ ಮಳೆಗುಂಡಿಯ ನೀರು ಸಂಡಾಸದ ಗುಂಡಿಯನ್ನು ತುಂಬಿಸುತ್ತದೆ. ಮಳೆಯದ್ದು ಮುಂದೆ ರಸ್ತೆಯ ಕಡೆ ಇರಲಿ.

ವಾಸ್ತು ಹೇಳುವವರು ಟ್ಯಾಂಕನ್ನು ವಾಯವ್ಯಕ್ಕೆ ಸರಿಸು ಅಂದರಂತೆ. ವಾಯವ್ಯದಲ್ಲಿ ಪಕ್ಕದವರ ಬೋರು ಇದೆ ಅಂತ ನೀನೇ ಹೇಳಿದಿ. ಮುಂದೆ ನಾನು ಹೇಳಬೇಕಾದ್ದಿಲ್ಲ.

ಕಾಗದಕ್ಕೆ ಬರೋಣ. ಊರೊಳಗೆ ಮಹಾನಗರ ಪಾಲಿಕೆ, ಕ್ಯಾಂಪಿನಲ್ಲಿ ದಂಡುಮಂಡಳಿ, ಖಾನಾಪುರದಲ್ಲಿ ಪಟ್ಟಣ ಪಂಚಾಯಿತಿ, ಹಳ್ಳಿಯಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿ ಪರವಾನಗಿ ಕೊಡುತ್ತದೆ. ಬಡಾವಣೆಯ ಮಟ್ಟದಲ್ಲಿ ಬುಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ, ನೋಡುತ್ತದೆ. ಉತಾರ, ತೆರಿಗೆ ರಸೀದಿ, ಹಳೆಯ ನಕ್ಷೆಯ ನಕಲು ನಿನ್ನ ಹತ್ತಿರ ಇವೆ. ನಿನ್ನದು ಎನ್‌ಎ (ಕೃಷಿಯೇತರ) ಆದ ಪ್ಲಾಟು, ಪುಣ್ಯ. ಬಾಂಡಿನ ಮೇಲೆ ಗುಂಟೆ ಲೆಕ್ಕದಲ್ಲಿ ಕೊಂಡವರಿಗೆ ಪರವಾನಗಿಯೂ ಇಲ್ಲ, ಒಳಚರಂಡಿಯೂ ಇಲ್ಲ, ಆದರೂ ಮಾಳಿಗೆ ಏಳುತ್ತವೆ. ಅವರನ್ನು ನೋಡಿ "ಅವರಿಗೇನಾಯ್ತು" ಅನ್ನಬೇಡ. ನಕ್ಷೆಯಲ್ಲಿ ಇರುವ ಟ್ಯಾಂಕನ್ನು ಇರುವ ಜಾಗದಲ್ಲಿ, ಇರುವ ಅಳತೆಯಲ್ಲಿ ಬರೆಸು. ಹೊಸದು ಬೇಕಾದರೆ ಹೊಸದನ್ನು ಬೇರೆ ಬಣ್ಣದಲ್ಲಿ ತೋರಿಸಲಿ, ನೆರೆಯವರ ಬಾವಿ ಬೋರುಗಳನ್ನೂ ಚುಕ್ಕಿ ಇಟ್ಟು ದೂರ ಬರೆಯಲಿ. ಇಂಜಿನಿಯರ್ ಮುಖ ಸಿಂಡರಿಸುತ್ತಾನೆ, "ಯಾರೂ ಕೇಳೂದಿಲ್ಲರೀ" ಅನ್ನುತ್ತಾನೆ. ಕೇಳುವ ಕಾಲ ಬಂದಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಅಥವಾ ವಾಸಯೋಗ್ಯ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದಿತು. ಆ ತೀರ್ಪಿನ ಬಿಸಿ ಕರೆಂಟಿನ ಕಚೇರಿಗಳಿಗೆ ತಟ್ಟಿ ಎಷ್ಟೋ ಜನ ಮನೆ ಕಟ್ಟಿ ಮೀಟರಿಗಾಗಿ ಕಾದರು. ಸಣ್ಣ ನಿವೇಶನಗಳಿಗೆ ಸರ್ಕಾರ ಆಮೇಲೆ ಸಡಿಲಿಕೆ ಕೊಟ್ಟಿದ್ದು ನಿಜ. ಸಡಿಲಿಕೆ ಸಿಕ್ಕಿದ್ದು ಕಾಗದಕ್ಕೆ. ಹಿತ್ತಲ ಮಣ್ಣಿಗೆ ಯಾವ ಸರ್ಕಾರವೂ ಸಡಿಲಿಕೆ ಕೊಡಲಾರದು.

ನಿಮ್ಮ ಓಣಿಗೆ ಒಳಚರಂಡಿ ಯಾವಾಗ ಬರುತ್ತದೆ ಎಂದು ಪಾಲಿಕೆಯಲ್ಲಿ ಕೇಳು, ಬಾಯಿಮಾತಿಗೆ ನಂಬದೆ ಅರ್ಜಿ ಬರೆದು ಕೇಳು. ಒಂದೆರಡು ವರ್ಷದಲ್ಲಿ ಬರುವುದು ಖಾತ್ರಿಯಾದರೆ ಮಾಳಿಗೆಯನ್ನೇ ಅಷ್ಟು ದಿನ ಮುಂದಕ್ಕೆ ಹಾಕುವುದು ಜಾಣತನ. ಬಂದ ದಿನ ಲೈಸೆನ್ಸು ಇರುವ ಪ್ಲಂಬರನಿಂದಲೇ ಜೋಡಣೆ ಮಾಡಿಸು. ಹಳೆಯ ಟ್ಯಾಂಕನ್ನು ಖಾಲಿ ಮಾಡಿಸಿ, ತಳ ಒಡೆಸಿ, ಗರಸು ತುಂಬಿ ನೀರು ಹಾಕಿ ಬಡಿಸು. ಹಾಗೇ ಬಿಟ್ಟರೆ ಎಂದೋ ಒಂದು ದಿನ ಹಳೆಯ ಸ್ಲ್ಯಾಬು ಕುಸಿದು ಮಕ್ಕಳು ಬೀಳುತ್ತಾರೆ. ಮತ್ತೆ, ಮನೆಯ ಮಾಳಿಗೆಯ ಮಳೆನೀರನ್ನು ಒಳಚರಂಡಿಗೆ ಬಿಡಬೇಡ. ಮಳೆಗಾಲದಲ್ಲಿ ರಸ್ತೆಯ ಮ್ಯಾನ್‌ಹೋಲು ಉಕ್ಕಿದಾಗ ಪಾಲಿಕೆಯನ್ನು ಬೈಯುತ್ತೇವೆ, ಅರ್ಧ ನೀರು ನಮ್ಮ ಮಾಳಿಗೆಯದ್ದೇ ಇರುತ್ತದೆ.

ಟ್ಯಾಂಕಿನ ಹೆಚ್ಚುವರಿ ನೀರನ್ನು ರಸ್ತೆಯ ಗಟಾರಕ್ಕೆ ಬಿಡುವುದು ಎಲ್ಲರೂ ಮಾಡುವ ಕೆಲಸ, ಗೊತ್ತು. ಆ ಗಟಾರ ಎಲ್ಲಿಗೆ ಹೋಗುತ್ತದೆ ಅಂತ ಒಂದು ಭಾನುವಾರ ಸೈಕಲ್ ತೊಗೊಂಡು ಹೋಗಿ ನೋಡು. ಅತ್ತ ಇತ್ತ ತಿರುಗಿ ಕೊನೆಗೆ ಬಳ್ಳಾರಿ ನಾಲೆ ಎಂಬ ನಮ್ಮ ಹಳ್ಳಕ್ಕೆ ಹೋಗಿ ಸೇರುತ್ತದೆ. ಶಹಾಪುರ, ವಡಗಾಂವ, ಯಳ್ಳೂರಿನ ಶಿವಾರದಲ್ಲಿ ಬೆಳಗಾವಿ ಬಾಸಮತಿ ಬೆಳೆಯುವ ಗದ್ದೆಗಳಿಗೆ ಅದೇ ನಾಲೆ. ದೀಪಾವಳಿಗೆ ಆ ಅಕ್ಕಿಯ ವಾಸನೆ ಹಿಡಿದು ನೀವೇ ಕೊಂಡು ತರುತ್ತೀರಿ. ಹಲಗಾದಲ್ಲಿ ಊರಿನ ಕೊಳಚೆ ನೀರಿನ ಶುದ್ಧೀಕರಣ ಘಟಕ ಕಟ್ಟುವ ಕೆಲಸ ರೈತರ ಜಮೀನಿನ ತಕರಾರಿನಲ್ಲಿ ವರ್ಷಗಟ್ಟಲೆ ಎಳೆಯಿತು. ರೈತರದ್ದು ತಪ್ಪು ಅಂತ ನಾನು ಹೇಳಲಾರೆ. ಊರಿನ ಹೊಲಸಿಗಾಗಿ ಉಣ್ಣುವ ಗದ್ದೆ ಬಿಡು ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಖಾನಾಪುರದ್ದು ಬೇರೆಯೇ ಲೆಕ್ಕ. ಅಲ್ಲಿ ಜಾಗಕ್ಕೆ ಬರವಿಲ್ಲ, ಬಾವಿಯಿಂದ 18 ಮೀಟರ್ ಸಲೀಸಾಗಿ ಸಿಗುತ್ತದೆ. ಕಷ್ಟ ಮಣ್ಣಿನದು, ಮಳೆಯದು. ಖಾನಾಪುರದ ಹೆಂಚು ಇಟ್ಟಿಗೆಗೆ ಯಾಕೆ ಹೆಸರು ಬಂತು, ಖಾದಿ ಗ್ರಾಮೋದ್ಯೋಗದ ಕುಂಬಾರಿಕೆ ಸಂಸ್ಥೆ ಅಲ್ಲೇ ಯಾಕೆ ಬಂತು? ಜಿಗಟು ಮಣ್ಣು. ಮಡಕೆಗೆ ಬೇಕಾದದ್ದು ನೀರು ಬಿಡದ ಮಣ್ಣು, ಇಂಗುಗುಂಡಿಗೆ ಬೇಕಾದದ್ದು ನೀರು ಕುಡಿಯುವ ಮಣ್ಣು. ಮೇಲೆ ಕಣಕುಂಬಿ, ಆಮಗಾಂವ ಕಡೆಗೆ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಿವೆ; ಕೆಳಗೆ ಪಟ್ಟಣದಲ್ಲೂ ಜುಲೈ ತಿಂಗಳಲ್ಲಿ ಬಾವಿಯ ನೀರನ್ನು ಬಗ್ಗಿ ಚೊಂಬಿನಲ್ಲಿ ತೆಗೆಯಬಹುದು. ಆಗ ಹಿತ್ತಲಿನ ಇಂಗುಗುಂಡಿಗೆ ಒಳಗಿನ ನೀರು ಹೊರಹೋಗುವ ಬದಲು ಹೊರಗಿನ ನೀರು ಒಳಬರುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ಬೆಳಗಾವಿ ಖಾನಾಪುರ ಎರಡೂ ಕಡೆ ನೀರು ಮನೆ ಹೊಕ್ಕಿತ್ತಲ್ಲ, ಅಂಥ ದಿನ ಟ್ಯಾಂಕಿನ ನೀರು, ಬಾವಿಯ ನೀರು, ರಸ್ತೆಯ ನೀರು ಎಲ್ಲ ಒಂದೇ.

ಅದಕ್ಕೆ ಅಲ್ಲಿ ಮೊದಲು ಮಣ್ಣಿನ ಪರೀಕ್ಷೆ ಮಾಡಿಸು, ದೊಡ್ಡ ಖರ್ಚಿಲ್ಲ. ಒಂದು ಸಣ್ಣ ಕುಳಿ ತೋಡಿ, ತಳಕ್ಕೆ ಜಲ್ಲಿ ಹಾಕಿ, ರಾತ್ರಿಯೆಲ್ಲ ನೀರು ತುಂಬಿಟ್ಟು, ಮರುದಿನ ಒಂದಂಗುಲ ಇಳಿಯಲು ಎಷ್ಟು ಹೊತ್ತು ಬೇಕು ಅಂತ ನೋಡುವುದು. ಇದನ್ನು ಮಳೆಗಾಲದಲ್ಲೇ ಮಾಡಬೇಕು. ಏಪ್ರಿಲ್ ತಿಂಗಳಲ್ಲಿ ಯಾವ ನೆಲವಾದರೂ ನೀರು ಕುಡಿಯುತ್ತದೆ, ಗೌಂಡಿಗಳು ಪರೀಕ್ಷೆ ಮಾಡಿದರೂ ಮಾಡುವುದು ಏಪ್ರಿಲಿನಲ್ಲೇ. ಮಣ್ಣು ಕುಡಿಯುವುದಿಲ್ಲ ಅಂತಾದರೆ ಆಳವಾದ ಗುಂಡಿಯ ಆಸೆ ಬಿಡು, ಆಳಕ್ಕೆ ಹೋದಷ್ಟೂ ಬಾವಿಯ ನೀರಿಗೆ ಹತ್ತಿರ. ನೆಲದ ಮಟ್ಟಕ್ಕಿಂತ ಎತ್ತರಕ್ಕೆ ಮರಳು ಜಲ್ಲಿಯ ಪಾತಿ ಕಟ್ಟಿ, ಟ್ಯಾಂಕಿನ ನೀರು ಅದರಲ್ಲಿ ಹರಡುವಂತೆ ತೂತಿನ ಪೈಪು ಹಾಕಿ, ಮೇಲೆ ಬಾಳೆ ಹಚ್ಚಬಹುದು. ಟ್ಯಾಂಕಿಗೆ ಸೇರಿಸಿ ಜಲ್ಲಿಯ ಸೋಸುಕೋಣೆ ಕಟ್ಟಿಸಿ, ನೀರು ಅದರ ಕೆಳಗಿನಿಂದ ಮೇಲಕ್ಕೆ ಏರಿ ಸೋಸಿ ಬರುವಂತೆಯೂ ಮಾಡಬಹುದು. ಸಂಹಿತೆ ಇದಕ್ಕೆ ದಾರಿ ಕೊಟ್ಟಿದೆ, ಕೇಳಿದರೆ ಇಂಜಿನಿಯರ್ ಬರೆದುಕೊಡುತ್ತಾನೆ. ಬಚ್ಚಲು, ಅಡುಗೆಮನೆಯ ನೀರನ್ನು ಮೊದಲೇ ಬೇರೆ ಮಾಡಿ ತೆಂಗಿನ ಬುಡಕ್ಕೆ ಬಿಟ್ಟರೆ ಟ್ಯಾಂಕಿನ ಅರ್ಧಕ್ಕಿಂತ ಹೆಚ್ಚು ಹೊರೆ ಇಳಿಯುತ್ತದೆ. ಹಿರೀಕರ ಮನೆಯಲ್ಲಿ ಬಚ್ಚಲ ನೀರು ಕೆಸುವಿನ ಪಾತಿಗೇ ಹೋಗುತ್ತಿತ್ತು, ನಿನ್ನಜ್ಜಿ ಅದನ್ನು ಯಾವ ಇಂಜಿನಿಯರನ್ನೂ ಕೇಳಿ ಮಾಡಿರಲಿಲ್ಲ. ಸರ್ಕಾರದ ಸ್ವಚ್ಛ ಭಾರತದವರು ಹೇಳುವ ಜೋಡಿಗುಂಡಿ ಸಂಡಾಸ ಹಳ್ಳಿಗೆ ಒಳ್ಳೆಯದು, ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲಿನದನ್ನು ವರ್ಷದ ಮೇಲೆ ಬಿಟ್ಟು ತೆಗೆದರೆ ಗೊಬ್ಬರ. ಆದರೆ ಅದಕ್ಕೂ ಗುಂಡಿಯ ತಳ ಮಳೆಗಾಲದ ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು. ನಮ್ಮ ಹಿತ್ತಲಿಗೆ ಅದು ಹೊಂದುವುದಿಲ್ಲ.

ಮಲಪ್ರಭೆ ಆ ಮನೆಯಿಂದ ದೂರವೇನಿಲ್ಲ. ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ದಾಟುವ ಮೊದಲ ದೊಡ್ಡ ಊರು ಖಾನಾಪುರ. ಮುಂದೆ ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು ಹುಬ್ಬಳ್ಳಿ ಧಾರವಾಡದ ನಳಗಳಿಗೆ ಹೋಗುತ್ತದೆ. ನಿನ್ನ ಅಕ್ಕ ಇರುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಅಷ್ಟು ಹೇಳಿದರೆ ಸಾಕು.

ಇನ್ನು ಏನು ಮಾಡಬೇಕು ಅಂದರೆ, ಅನಗೋಳದ ಅರ್ಜಿ ಈಗಲೇ ಹಾಕಬೇಡ. ಗಣಪತಿ ಹಬ್ಬದೊಳಗೆ ಟ್ಯಾಂಕು ಖಾಲಿ ಮಾಡಿಸಿ ಅಳತೆ ತೆಗೆ. ಉದ್ದ ಅಗಲ ಸಾಲುವಂತಿದ್ದು, ತಳ ಗಟ್ಟಿ ಇದ್ದು, ಗುಂಡಿ ನೀರು ಕುಡಿಯುತ್ತಿದ್ದರೆ ಅದನ್ನೇ ಇಟ್ಟುಕೊಂಡು ಎರಡು ವರ್ಷಕ್ಕೊಮ್ಮೆ ಬಳಿಸುವ ಕರಾರು ಮಾಡಿಕೋ, ಖರ್ಚನ್ನು ಬಾಡಿಗೆಯಲ್ಲಿ ಸೇರಿಸಿ ಹಿಡಿ. ಎಂಟು ಹುಡುಗರ ಬದಲು ಒಂದು ಸಂಸಾರಕ್ಕೆ ಕೊಟ್ಟರೆ ಬಾಡಿಗೆ ಕಡಿಮೆ, ತಲೆಗಳೂ ಕಡಿಮೆ. ಆ ಲೆಕ್ಕವನ್ನೂ ಒಮ್ಮೆ ಹಾಕಿ ನೋಡು. ತಳ ಇಲ್ಲದ ಗುಂಡಿಯಾಗಿದ್ದರೆ ಮುಂದಿನ ಸೆಟ್‌ಬ್ಯಾಕಿನಲ್ಲಿ, ಸಕ್ಷನ್ ಗಾಡಿಯ ಪೈಪು ರಸ್ತೆಯಿಂದ ಮುಟ್ಟುವಂತೆ, ಹದಿನೈದು ಜನರ ಅಳತೆಯ ಹೊಸ ಟ್ಯಾಂಕಿಗೆ ಜಾಗ ಮಾಡಿಸು. ಅದಕ್ಕಾಗಿ ಮೆಟ್ಟಿಲು ಸರಿಯಬೇಕಾದರೆ ಸರಿಯಲಿ. ಪಕ್ಕದ ಮನೆಯವರಿಗೆ ನಕ್ಷೆ ತೋರಿಸಿ ಅವರ ಬೋರಿನ ದೂರ ಅವರ ಎದುರೇ ಟೇಪು ಹಿಡಿದು ಅಳೆ. ಹೊಸ ನಕ್ಷೆ ನನಗೆ ಮತ್ತೊಮ್ಮೆ ಕಳಿಸು, ಈ ಸಲ ಚೌಕದ ಪಕ್ಕ ಅಳತೆ ಇರಲಿ. ಖಾನಾಪುರದ ಕೆಲಸ ದೀಪಾವಳಿ ದಾಟಿದ ಮೇಲೆ ಇಟ್ಟುಕೋ, ಆದರೆ ಮಣ್ಣಿನ ಕುಳಿ ಈ ವಾರವೇ ತೋಡಿಸು. ಮಳೆ ಇನ್ನೂ ಇದೆ, ನಾನೂ ಬರುತ್ತೇನೆ, ಗಡಿಯಾರ ಹಿಡಿದು ಕೂತರೆ ಅರ್ಧ ದಿನದ ಕೆಲಸ.